ಕೋಟೆಗುಡ್ಡೆಯ ಅಗಳು ಅಳೆದ ಕತೆ

ಬೇಕಲ ಕೋಟೆಯ ಕೊತ್ತಲಗಳು ಬಸ್ಸಿನಿಂದಲೇ ಕಾಣುತ್ತವೆ. ನಾನು ಅಳೆದದ್ದು ಅಂಥದ್ದಲ್ಲ. ಕಾಸರಗೋಡಿನ ಒಳನಾಡಿನ ಒಂದು ಗುಡ್ಡೆಯ ಪಕ್ಕೆಯಲ್ಲಿ ಉಳಿದಿರುವ ಮಣ್ಣಿನ ಬರೆ (ಉದ್ದ ದಿಬ್ಬ), ಅದರ ಹೊರಗೊಂದು ಅಗಳು (ಕಂದಕ), ಅಷ್ಟೇ. ಗೋಡೆ ಇಲ್ಲ, ಬೋರ್ಡೂ ಇಲ್ಲ.

ಮಳೆಗಾಲದಲ್ಲಿ ಹೋದರೆ ಕಾಲಡಿಯ ನೆಲವೇ ಕಾಣಿಸದು. ಜನವರಿಯಲ್ಲಿ, ಮುಳಿಹುಲ್ಲು ಕೊಯ್ದ ಮೇಲೆ ಹೋದೆ. ಬೆಳಗ್ಗಿನ ಓರೆ ಬಿಸಿಲಿಗೆ ಒಂದಡಿ ಎತ್ತರದ ಬರೆಯೂ ನೆರಳು ಚೆಲ್ಲುತ್ತದೆ. ಹತ್ತು ಗಂಟೆಗೆ ಅದೇ ಜಾಗ ಸಪಾಟು.

30 ಮೀಟರ್ ಟೇಪು, ಸುಣ್ಣದ ಗೆರೆ ಹಾಕಿದ ಅಡಿಕೆ ಸಲಕೆ (ಸೀಳಿದ ಅಡಿಕೆ ಮರದ ಪಟ್ಟಿ), ಮೇಸ್ತ್ರಿಗಳು ಮಟ್ಟ ನೋಡುವ ನೀರಿನ ಟ್ಯೂಬು. ಜೊತೆಗೆ ಅಣ್ಣನ ಮಗ. ಮೊಬೈಲಿನ ಜಿಪಿಎಸ್ ನಾಲ್ಕೈದು ಮೀಟರ್ ಆಚೀಚೆ ತೋರಿಸುತ್ತದೆ, ಅಗಳಿನ ಅಗಲವೇ ಅಷ್ಟು!

ಮೊದಲ ದಿನ ಇಳಿಜಾರಿನ ಮೇಲೇ ಟೇಪು ಹಾಸಿದೆ. ರಾತ್ರಿ ನಕ್ಷೆ ಎಳೆದರೆ ಸುತ್ತಿನ ಗೆರೆ ಹೊರಟ ಜಾಗಕ್ಕೆ ಬಂದು ಸೇರಲೇ ಇಲ್ಲ. 20 ಡಿಗ್ರಿ ಇಳಿಜಾರಿನ 30 ಮೀಟರ್ ನಕ್ಷೆಯಲ್ಲಿ 28.2 ಮೀಟರ್ ಮಾತ್ರ, ಅಲ್ವಾ? ಮರುದಿನ ಟೇಪನ್ನು ಮಟ್ಟಸವಾಗಿ ಹಿಡಿದು, ತೂಗುಗುಂಡು ಬಿಟ್ಟು, ಮೆಟ್ಟಿಲು ಮೆಟ್ಟಿಲಾಗಿ ಅಳೆದೆವು. ಆಳಕ್ಕೆ ಟ್ಯೂಬು. ಒಂದು ತುದಿ ಬರೆಯ ನೆತ್ತಿಯಲ್ಲಿ, ಇನ್ನೊಂದು ತುದಿ ಅಗಳಿನೊಳಗೆ ನಿಲ್ಲಿಸಿದ ಉದ್ದ ಸಲಕೆಗೆ. ಲೆಕ್ಕ ಹೊಂದದೆ ಅರ್ಧ ದಿನ ಹೋಯಿತು. ನೋಡಿದರೆ ಟ್ಯೂಬಿನೊಳಗೆ ಹೆಸರುಕಾಳಿನಷ್ಟು ಗಾಳಿಗುಳ್ಳೆಗಳ ಸಾಲು.

ಅಗಳು ಕಣಿವೆಯ ಕಡೆ ಆಳ ಇರುತ್ತದೆಂದು ನಾನು ಎಣಿಸಿದ್ದೆ. ಸುಮ್ನೆ ಊಹೆ. ಆ ಕಡೆ ಇಳಿಜಾರೇ ಕಾವಲು, ಸ್ವಲ್ಪ ಕಡಿದು ಕಡಿದಾಗಿಸಿದರೆ ಸಾಕು. ಗುಡ್ಡೆ ಮೇಲಕ್ಕೆ ಮುಂದುವರಿಯುವ ಕಡೆಯೇ ಭಯ ಜಾಸ್ತಿ. ಅಲ್ಲೇ ಅಗಳು ಎರಡು ಆಳು ಆಳ. ಅಗೆದ ಮಣ್ಣನ್ನು ಕೆಳಕ್ಕೆ, ಒಳಬದಿಗೆ ಎಳೆದು ಬರೆ ಕಟ್ಟಿದ್ದಾರೆ.

ಪಕ್ಕದಲ್ಲೇ ಇನ್ನೊಂದು ತಗ್ಗು ಸಿಕ್ಕಿ ಹಿಗ್ಗಿದೆ. ಸೊಪ್ಪು ತರುತ್ತಿದ್ದ ಅಜ್ಜ ನಕ್ಕರು: “ಅದು ಕಲ್ಲು ಕಡಿದ ಕಣಿ ಮಾಷ್ಟ್ರೇ.” ಹೌದು, ಬದಿಯಲ್ಲಿ ಮುರಕಲ್ಲಿನ (ಮನೆ ಕಟ್ಟುವ ಕೆಂಪು ಕಲ್ಲಿನ) ಅಳತೆಯದೇ ಮೆಟ್ಟಿಲುಗಳು. ಕಲ್ಲೆಲ್ಲ ಸಾಗಿಸಿದ್ದರಿಂದ ಹತ್ತಿರ ಬರೆಯೂ ಇಲ್ಲ.

ಬರೆಯಲ್ಲಿ ಎರಡು ಕಡೆ ಬಾಯಿ ಬಿಟ್ಟಿದೆ. ಒಂದು ಜೀಪಿಗಾಗಿ ಆದದ್ದು. ಬರೆಯ ಮಣ್ಣನ್ನೇ ಅಗಳಿಗೆ ತುಂಬಿದ್ದಾರೆ. ಇನ್ನೊಂದರ ಎದುರು ಅಗಳು ಎರಡೂ ಬದಿಯಿಂದ ಬಂದು ನಿಲ್ಲುತ್ತದೆ. ನಡುವೆ ಎರಡು ಮೀಟರ್ ಮುರಕಲ್ಲು, ಯಾರೂ ಕಡಿಯದ್ದು. ನಕ್ಷೆಯಲ್ಲಿ ‘ಬಾಗಿಲು’ ಎಂದು ಬರೆದದ್ದು ಅಲ್ಲಿ ಮಾತ್ರ.