ಕಾರಿನ ಹೀಟರ್ ಕೈಕೊಟ್ಟರೆ: ಮೊದಲು ಗಾಳಿ ನೋಡಿ, ಆಮೇಲೆ ಬಿಸಿ

ನಮ್ಮ ಕಡೆ ಕಾರಿನ ಹೀಟರ್ ನೆನಪಾಗುವುದು ಮಾಗಿಯ ಚಳಿಯಲ್ಲಿ ಮಾತ್ರ. ಕಳೆದ ಡಿಸೆಂಬರ್‌ನಲ್ಲಿ ನಸುಕಿಗೇ ಚಿಕ್ಕಬಳ್ಳಾಪುರ ಬಿಟ್ಟು, ಭಾವನವರ ಹಳೆಯ ಡೀಸೆಲ್ ಕಾರಿನಲ್ಲಿ ನಂದಿಬೆಟ್ಟಕ್ಕೆ ಹೊರಟಿದ್ದೆವು. 1,478 ಮೀಟರ್ ಎತ್ತರದ ಬೆಟ್ಟ. ತಿರುವುಗಳು ಶುರುವಾಗುವ ಹೊತ್ತಿಗೆ ಮುಂದಿನ ಗಾಜಿನ ಒಳಗೆಲ್ಲ ಮಂಜು. ಭಾವನವರ ಒಂದು ಕೈಯಲ್ಲಿ ಸ್ಟೀರಿಂಗ್, ಇನ್ನೊಂದರಲ್ಲಿ ಟವೆಲ್. ‘ಹೀಟರ್ ಸತ್ತಿದೆ’ ಎಂದು ಅವರು ತೀರ್ಪು ಕೊಟ್ಟರು. ಅದು ಸತ್ತಿರಲಿಲ್ಲ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಕಾಯಿಲೆಗಳು ಒಟ್ಟಿಗೆ ಸೇರಿದ್ದವು.

ಆದ್ದರಿಂದ ಮೊದಲ ಕೆಲಸ, ಕಾಯಿಲೆ ಯಾವುದೆಂದು ತಿಳಿಯುವುದು. ಎಂಜಿನ್ ಶಾಖದ ಮುಳ್ಳು ನಡುವಿಗೆ ಬರುವವರೆಗೆ ಓಡಿಸಿ. ಡೀಸೆಲ್ ಗಾಡಿಗೆ ಹೆಚ್ಚು ಹೊತ್ತು ಬೇಕು. ಆಮೇಲೆ ಗುಂಡಿಯನ್ನು ಪೂರ್ತಿ ಕೆಂಪಿಗೆ ತಿರುಗಿಸಿ, ಫ್ಯಾನ್ ಜೋರು ಮಾಡಿ, ಕಿಂಡಿಗೆ ಅಂಗೈ ಹಿಡಿಯಿರಿ. ಬಿಸಿಯಿದ್ದೂ ಗಾಳಿ ಸೋತಿದ್ದರೆ ಅದು ಫಿಲ್ಟರ್, ಫ್ಯಾನ್‌ಗಳ ತಕರಾರು. ಗಾಳಿ ಜೋರಾಗಿದ್ದೂ ತಣ್ಣಗಿದ್ದರೆ ತಕರಾರು ಬಿಸಿ ಬರುವ ದಾರಿಯದು.

ಗಾಳಿಯಿಂದ ಶುರು ಮಾಡೋಣ. ಇದಕ್ಕೆ ಖರ್ಚು ಕಡಿಮೆ. ಬಹಳಷ್ಟು ಕಾರುಗಳಲ್ಲಿ ಎಡಗಡೆಯ ಗ್ಲೋವ್ ಬಾಕ್ಸ್‌ನ ಎರಡೂ ಪಕ್ಕಗಳನ್ನು ಒಳಕ್ಕೆ ಒತ್ತಿದರೆ ಅದು ಕೆಳಕ್ಕೆ ಬೀಳುತ್ತದೆ. ಹಿಂದೆ ಉದ್ದನೆಯ ಮುಚ್ಚಳ, ಅದರೊಳಗೆ ಮೆಕ್ಯಾನಿಕ್‌ಗಳು ಎ.ಸಿ. ಫಿಲ್ಟರ್ ಎನ್ನುವ ಮಡಿಕೆ ಮಡಿಕೆಯ ಹಾಳೆ. ಭಾವನವರದನ್ನು ಎಳೆದಾಗ ಹೊಂಗೆ ಹೂವಿನ ಒಣ ಎಸಳು, ರಾಗಿ ಹುಲ್ಲಿನ ಚೂರು, ಒಂದು ಕೋಳಿ ಗರಿ, ಇಲಿ ಹಿಕ್ಕೆ ಎಲ್ಲವೂ ಮಡಿಲಿಗೆ ಬಿದ್ದವು. ಬಿಳಿಯಾಗಿರಬೇಕಾದ ಹಾಳೆ ನಮ್ಮ ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಇಲಿ ಹಿಕ್ಕೆ ಕಂಡರೆ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ. ಕಾಗದದ ಫಿಲ್ಟರನ್ನು ತೊಳೆಯುವ ಜಾಣತನ ಬೇಡ, ಹೊಸದನ್ನೇ ಹಾಕಿ. ಅದರ ಅಂಚಿನ ಬಾಣ ಗಾಳಿ ಹೋಗುವ ದಿಕ್ಕನ್ನು ತೋರಿಸಬೇಕು. ಕ್ರಷರ್ ಲಾರಿಗಳ ಹಿಂದೆ ದಿನವೂ ಓಡಾಡುವವರು ವರ್ಷದವರೆಗೆ ಕಾಯದಿರುವುದು ಒಳ್ಳೆಯದು. ಕಾರನ್ನು ಮರದಡಿ ನಿಲ್ಲಿಸುವವರು ವೈಪರ್ ಬುಡದ ಜಾಲರಿಯಲ್ಲಿ ಸೇರಿಕೊಂಡ ಎಲೆಗಳನ್ನೂ ತೆಗೆಯಲಿ.

ಫಿಲ್ಟರ್ ಬದಲಿಸಿದರೂ ಗಾಳಿ ಬಾರದಿದ್ದರೆ ಫ್ಯಾನ್ ಕಡೆ ಗಮನ ಕೊಡಿ. ಕೊನೆಯ ವೇಗದಲ್ಲಿ ಮಾತ್ರ ತಿರುಗಿದರೆ ಸಾಮಾನ್ಯವಾಗಿ ಫ್ಯಾನಿನ ವೇಗ ಹೊಂದಿಸುವ ರೆಸಿಸ್ಟರ್ ಸುಟ್ಟಿರುತ್ತದೆ. ಚಿಕ್ಕ ಭಾಗ, ಬದಲಿಸುವುದೂ ಸುಲಭ. ಯಾವ ವೇಗದಲ್ಲೂ ತಿರುಗದಿದ್ದರೆ ಮೊದಲು ಫ್ಯೂಸ್ ನೋಡಿ, ಆಮೇಲೆ ಮೋಟಾರ್.

ಇನ್ನು ಬಿಸಿಯ ಸಂಗತಿ. ಎಂಜಿನ್ ತಣಿಸಲೆಂದು ಅದರ ಸುತ್ತ ಹರಿದು ಕಾದ ದ್ರವ, ಅಂದರೆ ಕೂಲಂಟ್, ಡ್ಯಾಶ್‌ಬೋರ್ಡ್ ಹಿಂದಿನ ಪುಟ್ಟ ರೇಡಿಯೇಟರಿಗೆ ಬರುತ್ತದೆ, ಅದರ ಮೇಲೆ ಹಾದ ಗಾಳಿ ನಮಗೆ ಬಿಸಿಯಾಗಿ ಸಿಗುತ್ತದೆ. ಈ ಪುಟ್ಟ ರೇಡಿಯೇಟರಿಗೆ ಹೀಟರ್ ಕೋರ್ ಎನ್ನುತ್ತಾರೆ. ಎಂಜಿನ್ ಪೂರ್ತಿ ತಣ್ಣಗಿರುವಾಗ ಕೂಲಂಟ್ ಡಬ್ಬಿಯಲ್ಲಿ ಮಟ್ಟ ಎರಡು ಗೆರೆಗಳ ನಡುವೆ ಇದೆಯೇ ನೋಡಿ. ಎಂಜಿನ್ ಬಿಸಿಯಿರುವಾಗ ಡಬ್ಬಿಯ ಮುಚ್ಚಳ ತೆಗೆದರೆ ಕುದಿಯುವ ನೀರು ಮುಖಕ್ಕೇ ಹಾರುತ್ತದೆ; ಇದರಲ್ಲಿ ಅವಸರ ಸಲ್ಲದು. ಮಟ್ಟ ಸರಿಯಿದ್ದು, ಹೆದ್ದಾರಿಯಲ್ಲಿ ಓಡುವಾಗ ಮುಳ್ಳು ನಡುವಿಗೇ ಏರದಿದ್ದರೆ ಶಾಖ ನೋಡಿಕೊಂಡು ಕೂಲಂಟ್ ಬಿಡುವ ವಾಲ್ವ್, ಅಂದರೆ ಥರ್ಮೋಸ್ಟಾಟ್, ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡಿರಬಹುದು.

ಮುಳ್ಳು ಸರಿಯಾಗಿ ಏರುತ್ತಿದೆಯೇ? ಹಾಗಾದರೆ ಎಂಜಿನ್ ನಿಲ್ಲಿಸಿ ಬಾನೆಟ್ ಎತ್ತಿ. ಕ್ಯಾಬಿನ್ ಗೋಡೆಯೊಳಕ್ಕೆ ನುಗ್ಗುವ ಎರಡು ರಬ್ಬರ್ ಪೈಪುಗಳನ್ನು ಬಟ್ಟೆ ಸುತ್ತಿದ ಕೈಯಿಂದ ಮುಟ್ಟಿ. ಎರಡೂ ಬಿಸಿಯಿದ್ದರೆ ಬಿಸಿ ಬಂದು ತಲುಪಿದೆ, ಗಾಳಿಯನ್ನು ಅದರ ಮೇಲೆ ತಿರುಗಿಸುವ ಒಳಗಿನ ಬಾಗಿಲು ಕದಲುತ್ತಿಲ್ಲ. ಒಂದು ಬಿಸಿ, ಒಂದು ತಣ್ಣಗಿದ್ದರೆ ಹೀಟರ್ ಕೋರ್ ಕಟ್ಟಿಕೊಂಡಿದೆ. ಕೆಲವು ಕಾರುಗಳಲ್ಲಿ ನಡುವಿನ ವಾಲ್ವ್ ಮುಚ್ಚಿಕೊಂಡರೂ ಹೀಗೇ ಆಗುತ್ತದೆ.

ಭಾವನವರ ಕಾರಿನಲ್ಲಿ ಒಂದು ಪೈಪ್ ಸುಡುತ್ತಿತ್ತು, ಇನ್ನೊಂದು ಉಗುರು ಬೆಚ್ಚಗೂ ಇರಲಿಲ್ಲ. ಕೂಲಂಟ್ ಡಬ್ಬಿಯೊಳಗೆ ಕಲಸಿದ ರಾಗಿ ಅಂಬಲಿಯಂಥ ಬಗ್ಗಡ. ವಿಚಾರಿಸಿದರೆ, ಮಟ್ಟ ಇಳಿದಾಗಲೆಲ್ಲ ತೋಟದ ಬೋರ್‌ವೆಲ್ ನೀರು ಸುರಿಯುತ್ತಿದ್ದರಂತೆ. ಸಾವಿರ ಅಡಿಗಿಂತ ಕೆಳಗಿನಿಂದ ಎತ್ತುವ ಗಡಸು ನೀರು! ಸ್ನಾನದ ಮನೆಯ ಕಾಯಿಲ್ ಮೇಲೆ ಬೆಳ್ಳಗೆ ಪದರ ಕಟ್ಟಿಸುವ ನೀರು ಹೀಟರ್ ಕೋರ್‌ನ ಸಣ್ಣ ಕೊಳವೆಗಳನ್ನು ಬಿಟ್ಟೀತೇ? ಬೆಂಗಳೂರಿನ ಗ್ಯಾರೇಜಿನವರಿಗೆ ಇದು ಹೊಳೆಯದೇ ಹೋಗಬಹುದು, ಚಿಕ್ಕಬಳ್ಳಾಪುರ, ಕೋಲಾರದವರು ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ಹಳೆಯದನ್ನೆಲ್ಲ ಬಸಿದು, ಕೋರ್‌ಗೆ ಹಿಮ್ಮುಖವಾಗಿ ಮೆಲ್ಲನೆ ನೀರು ಹಾಯಿಸಿ ತೊಳೆಸಬೇಕು. ಒತ್ತಡ ಜಾಸ್ತಿಯಾದರೆ ಕೋರ್ ಒಡೆದೀತು, ಬದಲಿಸಲು ಬಹಳ ಕಾರುಗಳಲ್ಲಿ ಡ್ಯಾಶ್‌ಬೋರ್ಡನ್ನೇ ಬಿಚ್ಚಬೇಕು. ಆಮೇಲೆ ಕಂಪನಿಯ ಪುಸ್ತಕದಲ್ಲಿ ಹೇಳಿದ ಕೂಲಂಟ್ ತುಂಬಿಸಿ. ಬೆರೆಸುವ ಬಗೆಯದಾದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಮಾತ್ರ ಸೇರಿಸಿ. ಕಾರಿನೊಳಗೆ ಸಿಹಿ ವಾಸನೆ, ಗಾಜಿನ ಮೇಲೆ ಜಿಡ್ಡು, ಎಡಗಾಲಿನ ಕಡೆಯ ಮ್ಯಾಟ್ ಒದ್ದೆ ಇದ್ದರೆ ಕೋರ್ ಸೋರುತ್ತಿದೆ ಎಂದರ್ಥ. ಸೋರಿದ ಕೂಲಂಟ್ ವಿಷ, ಮಕ್ಕಳಿಗೂ ನಾಯಿಗೂ ಸಿಗದಂತೆ ಒರೆಸಿ.

ರಿಪೇರಿ ಆಗುವವರೆಗೆ ಗಾಜಿನ ಮಂಜಿಗೆ ಟವೆಲ್ ಬೇಡ. ಒಳಗಾಳಿಯನ್ನೇ ಸುತ್ತಿಸುವ ಗುಂಡಿಯನ್ನು ಆಫ್ ಮಾಡಿ, ಗಾಳಿಯನ್ನು ಗಾಜಿನತ್ತ ತಿರುಗಿಸಿ, ಎ.ಸಿ. ಹಾಕಿ. ಚಳಿಯಲ್ಲಿ ಎ.ಸಿ.ಯೇ ಎಂದು ಭಾವ ನಕ್ಕರು. ಎ.ಸಿ. ಗಾಳಿಯ ತೇವವನ್ನು ಹೀರುತ್ತದೆ, ಹೀಟರ್ ಜೊತೆಗೇ ಹಾಕಬಹುದು.

ಹೊಸ ಕೂಲಂಟ್ ಹಾಕಿಸಿದ ಮೇಲೆ ಡ್ಯಾಶ್‌ಬೋರ್ಡ್ ಹಿಂದೆ ಗುಳುಗುಳು ಸದ್ದು ಕೇಳಿದರೆ, ಎಂಜಿನ್ ರೇಸ್ ಮಾಡಿದಾಗ ಮಾತ್ರ ಬಿಸಿ ಬಂದರೆ, ಒಳಗೆ ಗಾಳಿ ಉಳಿದಿದೆ. ಗ್ಯಾರೇಜಿನಲ್ಲಿ ಅದನ್ನು ತೆಗೆಸಿ. ಎರಡು ಮೂರು ದಿನ ಬಿಟ್ಟು, ಎಂಜಿನ್ ತಣ್ಣಗಿರುವಾಗ ಮಟ್ಟವನ್ನು ಮತ್ತೆ ನೋಡಿ. ಭಾವನವರ ಕಾರಿನಲ್ಲಿ ಮೂರನೆಯ ಬೆಳಿಗ್ಗೆ ಕೆಳಗಿನ ಗೆರೆಗೂ ಒಂದು ಬೆರಳು ಕಡಿಮೆಯಿತ್ತು.