ಟ್ರೈಲರ್ ಕಟ್ಟಿಕೊಂಡು ರಿವರ್ಸ್: ರಂಗರೂಟರಿಗೆ ನಾನು ಕಲಿಸಿದ ಬಗೆ

ಸೇನೆಯಲ್ಲಿ ಬೇಸಿಕ್ ತರಬೇತಿ ಮುಗಿಸಿ ಡ್ರೈವರ್ ಟ್ರೇಡಿಗೆ ಬರುವ ರಂಗರೂಟರು, ಅಂದರೆ ಹೊಸ ಸಿಪಾಯಿಗಳು, ಲಾರಿಯನ್ನು ಮುಂದಕ್ಕೆ ಓಡಿಸುವುದನ್ನು ಹೇಗೋ ಕಲಿತುಬಿಡುತ್ತಾರೆ. ಅವರನ್ನು ಕೆಳಗಿನ ಬ್ಯಾಚಿಗೆ ದೂಡುವುದು ಒಂದು ಟನ್ನಿನ ಟ್ರೈಲರ್ ಕಟ್ಟಿಕೊಂಡು ರಿವರ್ಸ್ ಹೋಗುವ ಪರೀಕ್ಷೆ. ನಾನು ಹವಾಲ್ದಾರನಾಗಿ ಉಸ್ತಾದನ (ತರಬೇತುದಾರನ) ಕೆಲಸಕ್ಕೆ ಬಂದಾಗ 40 ಹುಡುಗರಲ್ಲಿ 15–18 ಮಂದಿ ಮೊದಲ ಸಲ ಇಲ್ಲಿಯೇ ಮುಗ್ಗರಿಸುತ್ತಿದ್ದರು. ನನ್ನ ಸೇವೆಯ ಕೊನೆಯ ಎರಡು ಬ್ಯಾಚುಗಳಲ್ಲಿ ಆ ಸಂಖ್ಯೆ ಮೂರು ನಾಲ್ಕಕ್ಕೆ ಇಳಿದಿತ್ತು.

ಸೇನೆಯ ಸ್ಟಾಲಿಯನ್ ಲಾರಿ ಮೈದಾನದಲ್ಲಿ ಲೀಟರಿಗೆ ಮೂರು ಕಿಲೋಮೀಟರ್ ಕೊಟ್ಟರೆ ಹೆಚ್ಚು. ಸಿಗುವ ಡೀಸೆಲ್‌ನಲ್ಲಿ ಒಬ್ಬೊಬ್ಬನಿಗೆ ದಿನಕ್ಕೆ ಹತ್ತು ನಿಮಿಷವೂ ಬರುತ್ತಿರಲಿಲ್ಲ. ಆ ಹತ್ತು ನಿಮಿಷವೂ ಉಸ್ತಾದನ ಕೂಗಾಟದಲ್ಲಿಯೇ ಕಳೆಯುತ್ತಿತ್ತು. ಹಿಂದಿಯಲ್ಲಿ 'ದಾಯೆ ಕಾಟ್' (ಬಲಕ್ಕೆ ತಿರುಗಿಸು) ಎಂದು ಕೂಗಿದರೆ ಬೀದರ್ ಕಡೆಯ ಹುಡುಗನಿಗೆ ತಕ್ಷಣ ತಿಳಿಯುತ್ತದೆ. ಮಂಡ್ಯದವನು ಅದನ್ನು ಮನಸ್ಸಿನಲ್ಲಿ ಕನ್ನಡಕ್ಕೆ ತಂದುಕೊಳ್ಳುವಷ್ಟರಲ್ಲಿ ಟ್ರೈಲರ್ ಅಡ್ಡ ತಿರುಗಿ ಲಾರಿಯ ಪಕ್ಕಕ್ಕೆ ಮಡಚಿಕೊಂಡಿರುತ್ತದೆ. ಆದರೆ ಗದಗ ಕಡೆಯ ಒಬ್ಬ ಹುಡುಗ ಮೊದಲ ದಿನವೇ ನೆಟ್ಟಗೆ ಹಿಂದೆ ತಂದು ನಿಲ್ಲಿಸಿದ. ಹೇಗೆಂದು ಕೇಳಿದರೆ, "ಗೊತ್ತಿಲ್ರಿ ಉಸ್ತಾದ್, ಟ್ರಾಲಿ ಯಾಕಡೆ ಹೊಂಟೈತಿ ನೋಡ್ಕೋತ ಹೋಗ್ತೀನ್ರಿ" ಎಂದ. ಮನೆಯ ಟ್ರ್ಯಾಕ್ಟರಿನಲ್ಲಿ ಕಬ್ಬಿನ ಟ್ರಾಲಿಯನ್ನು ನೂರಾರು ಸಲ ಹಿಂದಕ್ಕೆ ತಂದವನು ಅವನು. ಉಳಿದವರಿಗೂ ಆ ನೂರು ಸಲವನ್ನು ಡೀಸೆಲ್ ಇಲ್ಲದೆ ಕೊಡಬೇಕೆಂದು ನಾನು ಅಂದೇ ನಿಶ್ಚಯಿಸಿದೆ.

ಶಿವಾಜಿನಗರದ ಗುಜರಿಯಲ್ಲಿ ಮೊಪೆಡ್ ಚಕ್ರಗಳನ್ನೂ ಹಳೆಯ ಜೀಪಿನ ಸ್ಟೀರಿಂಗನ್ನೂ ಕೊಂಡು, ವೆಲ್ಡಿಂಗ್ ಮಾಡಿಸಿ, ಒಬ್ಬ ಕೂತು ತಿರುಗಿಸುವ, ಇಬ್ಬರು ತಳ್ಳುವ ಗಾಡಿಯೊಂದನ್ನು ಕಟ್ಟಿಸಿ, ಅದಕ್ಕೆ ಪುಟ್ಟ ಟ್ರೈಲರ್ ಸಿಕ್ಕಿಸಿದೆ. ಸುಮಾರು 2,200 ರೂಪಾಯಿ ನನ್ನ ಕೈಯಿಂದಲೇ ಹೋಯಿತು. ಮನೆಯವಳಿಗೆ ಮೆಸ್ ಬಿಲ್ ಎಂದು ಹೇಳಿದ್ದೆ. ಎರಡೇ ದಿನದಲ್ಲಿ ಹುಡುಗರು ಅದರಲ್ಲಿ ಪಳಗಿದರು, ನಾನು ಎಲ್ಲರಿಗೂ ಚಹಾ ಕುಡಿಸಿದೆ. ಮೂರನೆಯ ದಿನ ನಿಜವಾದ ಲಾರಿಯಲ್ಲಿ ಒಬ್ಬೊಬ್ಬರಾಗಿ ಮಡಚಿದರು. ಒಬ್ಬನಂತೂ ಟೇಲ್ ಲ್ಯಾಂಪ್ ಪುಡಿ ಮಾಡಿ, ಟ್ರೈಲರಿನ ಮೂಕಿಯನ್ನೂ (ಲಾರಿಯ ಕೊಕ್ಕೆಗೆ ಸಿಕ್ಕಿಸುವ ಮುಂದಿನ ದಂಡವನ್ನು) ಬಗ್ಗಿಸಿದ. "ಆಟಿಕೆ ಗಾಡಿಯಿಂದ ಡ್ರೈವರ್ ಹುಟ್ಟುತ್ತಾನೆಯೇ?" ಎಂದು ಸುಬೇದಾರ್ ಸಾಹೇಬರು ಎಲ್ಲರೆದುರು ನಕ್ಕರು, ಲಿಖಿತ ವಿವರಣೆ ಕೊಡಬೇಕಾಗಿ ಬಂದವನು ನಾನು.

ತಪ್ಪು ನನ್ನದೇ ಆಗಿತ್ತು. ನೋಟಕ್ಕೆ ಚೆನ್ನಾಗಿರಲೆಂದು ಪುಟ್ಟ ಟ್ರೈಲರಿಗೆ ಉದ್ದನೆಯ ಮೂಕಿ ಇಡಿಸಿದ್ದೆ; ಕೊಕ್ಕೆಯಿಂದ ಅಚ್ಚಿನವರೆಗಿನ ದೂರ ಹೆಚ್ಚಿದಷ್ಟೂ ಟ್ರೈಲರ್ ನಿಧಾನವಾಗಿ ತಿರುಗಿ ತಪ್ಪನ್ನು ಮನ್ನಿಸುತ್ತದೆ, ನಮ್ಮ ಗಿಡ್ಡ ಟ್ರೈಲರ್ ಮನ್ನಿಸುವುದಿಲ್ಲ. ಟೇಪು ಹಿಡಿದು ನಿಜವಾದ ಲಾರಿ, ಟ್ರೈಲರ್ ಎರಡನ್ನೂ ಅಳೆದು, ಕಾಲು ಭಾಗದ ಲೆಕ್ಕದಲ್ಲಿ ಮತ್ತೆ ಕತ್ತರಿಸಿ ಬೆಸೆಸಿದೆ. ಇನ್ನೊಂದು 800–900 ರೂಪಾಯಿ. ಈ ಸಲ ಅದು ಲಾರಿಗಿಂತಲೂ ಹಟಮಾರಿಯಾಯಿತು, ನನಗೆ ಬೇಕಾದದ್ದೂ ಅದೇ.

ಸ್ಟೀರಿಂಗಿನ ಕೆಳತುದಿಯನ್ನು ಹಿಡಿದು ಟ್ರೈಲರ್ ಯಾವ ಕಡೆಗೆ ಹೋಗಬೇಕೋ ಕೈಯನ್ನು ಆ ಕಡೆಗೆ ಒಯ್ಯುವುದು ಟ್ರೈಲರ್ ಓಡಿಸುವವರಿಗೆಲ್ಲ ತಿಳಿದದ್ದೇ. ನಾನು ಒತ್ತಿ ಕಲಿಸಿದ್ದು ಅದರ ಮುಂದಿನ ಹೆಜ್ಜೆಯನ್ನು: ಟ್ರೈಲರ್ ಬಾಗಲು ತೊಡಗಿದ ಕ್ಷಣದಲ್ಲೇ, ಪೂರ್ತಿ ಬಾಗುವವರೆಗೆ ಕಾಯದೆ, ಸ್ಟೀರಿಂಗನ್ನು ಮರಳಿಸಿ ಲಾರಿಯನ್ನು ಅದರ ಬೆನ್ನಿಗೆ ಹಚ್ಚುವುದು.  

ಇದೇ ಉಮೇದಿನಲ್ಲಿ ರಾತ್ರಿ ಲಾರಿಗಳು ಸಾಲಾಗಿ ಹೋಗುವ ಕಾನ್ವಾಯ್ ಅಭ್ಯಾಸಕ್ಕೂ ಕೈ ಹಾಕಿದೆ. ಲಾರಿಯ ಹಿಂದಿನ ಅಚ್ಚಿನ ನಡುವಿನ ದುಂಡನೆಯ ಉಬ್ಬಿಗೆ (ಡಿಫರೆನ್ಷಿಯಲ್) ಬಿಳಿ ಬಣ್ಣ ಬಳಿದು ಸಣ್ಣ ದೀಪ ಹಾಕಿರುತ್ತಾರಲ್ಲ, ಅದರ ಬದಲು ಬಿಳಿ ಬಣ್ಣ ಬಳಿದ ಬೋಗುಣಿಯನ್ನು ಗಾಡಿಯ ಅಡಿಗೆ ಕಟ್ಟಿ, ಟಾರ್ಚ್ ಹಚ್ಚಿ, ಹಿಂದೆ ಬರುವವನಿಗೆ ಅದನ್ನೇ ನೋಡಿಕೊಂಡು ಅಂತರ ಕಾಯ್ದುಕೊಳ್ಳಲು ಹೇಳಿದೆ. ಬೋಗುಣಿ ಚಿಕ್ಕದಾದದ್ದರಿಂದ ಹುಡುಗರು ತೀರ ಸಮೀಪಕ್ಕೆ ನುಗ್ಗಿ ಒಬ್ಬನ ಮೊಣಕಾಲು ಕೆತ್ತಿತು, ಅಲ್ಲಿಗೆ ಬಿಟ್ಟೆ.

ನಕ್ಕಿದ್ದ ಸುಬೇದಾರ್ ಸಾಹೇಬರು ಒಂದು ಭಾನುವಾರ ಯಾರೂ ಇಲ್ಲದಾಗ ಬಂದು ಗಾಡಿಯಲ್ಲಿ ಕೂತು, ಮೂರು ಸಲ ಮಡಚಿ, ನಾಲ್ಕನೆಯ ಸಲ ನೆಟ್ಟಗೆ ತಂದರು. ಮುಂದಿನ ತಿಂಗಳು ಅಂಥದೇ ಇನ್ನೂ ಎರಡು ಗಾಡಿಗಳಿಗೆ ಮಂಜೂರಾತಿ ಬಂತು. ಮೊದಲನೆಯದಕ್ಕೆ ನಾನು ಹಾಕಿದ 3,000 ರೂಪಾಯಿಗೆ ರಸೀದಿ ಇರಲಿಲ್ಲ, ಹಾಗಾಗಿ ಅದು ಬರಲಿಲ್ಲ.