ಹೊಸ ಎಂಜಿನ್‌ಗೂ ಮೊದಲು ಹಳೆಯ ಕಮಾರೊದ ಚಾಸಿಸ್ ಬಲಪಡಿಸಿದ್ದು: ನನ್ನ ಅನುಭವ

1967ರಿಂದ 1969ರವರೆಗಿನ ಮಾದರಿ ವರ್ಷಗಳ, ಮೊದಲ ತಲೆಮಾರಿನ ಷೆವರ್ಲೆ ಕಮಾರೊಗೆ ಮುಂದಿನಿಂದ ಹಿಂದಿನವರೆಗೆ ಸಾಗುವ ಒಂದೇ ಚಾಸಿಸ್ ಇಲ್ಲ. ಎಂಜಿನ್ ಮತ್ತು ಮುಂದಿನ ಚಕ್ರಗಳನ್ನು ಹೊರುವ ಉಕ್ಕಿನ ಚೌಕಟ್ಟು, ಅಂದರೆ ಸಬ್‌ಫ್ರೇಮ್, ಮುಂದಿನ ಸೀಟುಗಳ ಹತ್ತಿರವೇ ಮುಗಿದುಹೋಗುತ್ತದೆ, ಹಿಂದಿನ ಚಕ್ರಗಳ ಲೀಫ್ ಸ್ಪ್ರಿಂಗ್‌ಗಳನ್ನು (ಪಟ್ಟಿ ಸ್ಪ್ರಿಂಗ್) ಹಿಡಿದಿರುವ ರೈಲುಗಳು, ಅಂದರೆ ಉದ್ದುದ್ದ ಉಕ್ಕಿನ ತೊಲೆಗಳು, ಹಿಂದಿನ ಸೀಟಿನ ಬಳಿ ಆರಂಭವಾಗುತ್ತವೆ, ನಡುವಿನ ಭಾರವನ್ನೆಲ್ಲ ನೆಲದ ತಗಡು ಮತ್ತು ಬಾಗಿಲುಗಳ ಕೆಳಗಿನ ರಾಕರ್‌ಗಳು ಹೊರಬೇಕು. ಸಬ್‌ಫ್ರೇಮ್ ಬಾಡಿಗೆ ಸೇರುವುದೂ ರಬ್ಬರ್ ಬುಷ್‌ಗಳ (ನಡುವೆ ಕೂರುವ ಮೆತ್ತೆಗಳ) ಮೂಲಕ. ಕುಟುಂಬದ ಓಡಾಟಕ್ಕೆ ಈ ವಿನ್ಯಾಸ ಹಿತವಾಗಿಯೇ ಇತ್ತು.

ಡೆಟ್ರಾಯಿಟ್ ಸಮೀಪದ ನನ್ನ ಮನೆಯ ಗ್ಯಾರೇಜಿನಲ್ಲಿರುವ ಕಾರು 1968ರದು, ಒಹಾಯೊದ ನಾರ್ವುಡ್ ಕಾರ್ಖಾನೆಯಲ್ಲಿ ತಯಾರಾದದ್ದು. ಅದರ ಮೂಲ 327 ಘನ ಇಂಚಿನ ಎಂಜಿನ್‌ಗೆ ಕಂಪನಿ ಹೇಳಿದ್ದ ಶಕ್ತಿ 210 ಅಶ್ವಶಕ್ತಿ. ಅದರ ಜಾಗದಲ್ಲಿ ನಾನು ಕೂರಿಸಬೇಕೆಂದಿದ್ದ ಎಲ್‌ಎಸ್3 ಎಂಬ ಆಧುನಿಕ ವಿ8 ಎಂಜಿನ್ 430 ಅಶ್ವಶಕ್ತಿಯನ್ನೂ ಸುಮಾರು 575 ನ್ಯೂಟನ್ ಮೀಟರ್ ಟಾರ್ಕನ್ನೂ (ತಿರುಗಿಸುವ ಬಲ) ಕೊಡುತ್ತದೆ. ಮೊದಲ ಗೇರಿನ ಅನುಪಾತ 2.66 ಆಗಿರುವುದರಿಂದ ಹಿಂದಿನ ಚಕ್ರಗಳತ್ತ ಶಕ್ತಿ ಒಯ್ಯುವ ಡ್ರೈವ್ ಶಾಫ್ಟಿಗೆ ತಲುಪುವ ಟಾರ್ಕ್ 1,500 ನ್ಯೂಟನ್ ಮೀಟರ್ ದಾಟುತ್ತದೆ. ಅಷ್ಟೇ ಬಲ ಎಂಜಿನ್ ಮತ್ತು ಗೇರ್‌ಬಾಕ್ಸನ್ನು ಹಿಡಿದಿಡುವ ಮೌಂಟುಗಳ ಮೂಲಕ ಸಬ್‌ಫ್ರೇಮನ್ನು ಒಂದು ದಿಕ್ಕಿಗೂ, ಹಿಂದಿನ ಆಕ್ಸಲಿನ ಮೂಲಕ ಹಿಂಭಾಗವನ್ನು ಅದರ ವಿರುದ್ಧ ದಿಕ್ಕಿಗೂ ತಿರುಚುತ್ತದೆ. ಹಿಂಡಿದ ಬಟ್ಟೆಯಂತೆ ನಡುವೆ ಸಿಕ್ಕಿಕೊಳ್ಳುವುದು ಪ್ರಯಾಣಿಕರು ಕೂರುವ ಭಾಗ.

ಲೋಹ ಸೇರಿಸುವ ಮೊದಲು ಕಾರು ಎಷ್ಟು ಬಳಕುತ್ತದೆ ಎಂಬುದನ್ನು ನೋಡಿಕೊಳ್ಳಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಸಬ್‌ಫ್ರೇಮಿನ ಒಂದು ಮುಂದಿನ ಮೂಲೆಗೆ ಜ್ಯಾಕ್ ಕೊಟ್ಟು ನಿಧಾನವಾಗಿ ಎತ್ತುತ್ತ, ಬಾಗಿಲಿನ ಹಿಂಬದಿಯ ಸಂದಿಗೆ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿಗಳ ಸಾಧನ) ಹಿಡಿದು ನೋಡಿದೆ. ಮೇಲ್ಭಾಗದ ಸಂದಿ ಕಣ್ಣಿಗೆ ಕಾಣುವಷ್ಟು ಬದಲಾಯಿತು, ಎತ್ತಿದ ಸ್ಥಿತಿಯಲ್ಲಿ ಬಾಗಿಲು ತೆರೆದರೆ ಮತ್ತೆ ಮುಚ್ಚುವಾಗ ಲಾಕ್ ತಗುಲುತ್ತಿತ್ತು. ಛಾವಣಿಯೂ ಹಿಂದಿನ ಪಕ್ಕದ ತಗಡೂ ಕೂಡುವ ಜಾಗದಲ್ಲಿ ಬಣ್ಣದ ಮೇಲೆ ಕೂದಲೆಳೆಯ ಬಿರುಕು ಇತ್ತು. ಅದಕ್ಕೆ ಪುಟ್ಟಿ ಹಚ್ಚಿ ಪ್ರಯೋಜನವಿರಲಿಲ್ಲ, ಏಕೆಂದರೆ ಅದರ ಕಾರಣ ಕೆಳಗಿತ್ತು.

ಮಿಷಿಗನ್ನಿನ ರಸ್ತೆಗಳಿಗೆ ಚಳಿಗಾಲದಲ್ಲಿ ಉಪ್ಪು ಸುರಿಯುವುದರಿಂದ ಇಲ್ಲಿಯ ಹಳೆಯ ಕಾರುಗಳಲ್ಲಿ ತುಕ್ಕು ಒಳಗಿನಿಂದಲೇ ತಿನ್ನುತ್ತ ಬರುತ್ತದೆ. ರಾಕರ್‌ಗಳ ಒಳಪದರ ಮತ್ತು ಸಬ್‌ಫ್ರೇಮ್ ಬಾಡಿಗೆ ಸೇರುವ ಬಾಡಿ ಮೌಂಟುಗಳ ಸುತ್ತಲಿನ ತಗಡನ್ನು ಸುತ್ತಿಗೆಯ ತುದಿಯಿಂದ ತಟ್ಟಿ, ಮೆತ್ತಗಾದ ಕಡೆಯೆಲ್ಲ ಕತ್ತರಿಸಿ ಹೊಸ ತಗಡು ಹಾಕಿದೆ. ಕೊಳೆತ ತಗಡಿಗೆ ಬೆಸೆದ ದಪ್ಪ ಕೊಳವೆ ಯಾವ ಬಲವನ್ನೂ ಸಾಗಿಸದು. ನಂತರ ತೂಗುಗುಂಡು ಇಳಿಬಿಟ್ಟು ನೆಲದ ಮೇಲೆ ಗುರುತು ಮಾಡಿ, ಎರಡೂ ಕರ್ಣಗಳ ಅಳತೆ ಸಮವಾಗುವವರೆಗೆ ಸಬ್‌ಫ್ರೇಮನ್ನು ಸರಿಸಿದೆ. ರಬ್ಬರ್ ಬುಷ್‌ಗಳ ಬದಲು ಅಲ್ಯೂಮಿನಿಯಂ ಬುಷ್‌ಗಳನ್ನು ಹಾಕಿದ್ದೂ ಆಗಲೇ, ಏಕೆಂದರೆ ಬುಷ್ ಬದಲಾದರೆ ಸಬ್‌ಫ್ರೇಮಿನ ಸ್ಥಾನವೂ ಬದಲಾಗುತ್ತದೆ. ವೆಲ್ಡಿಂಗ್ ಮುಗಿದ ಮೇಲೆ ಆ ಸ್ಥಾನವನ್ನು ತಿದ್ದಲು ಬರುವುದಿಲ್ಲ.

ಮುಖ್ಯ ಕೆಲಸ ಸಬ್‌ಫ್ರೇಮನ್ನೂ ಹಿಂದಿನ ರೈಲುಗಳನ್ನೂ ಜೋಡಿಸುವ ಕನೆಕ್ಟರ್‌ಗಳದು. ಬೋಲ್ಟಿನಿಂದ ಕೂರಿಸುವಂಥವು ಮಾರುಕಟ್ಟೆಯಲ್ಲಿ ಸಿಗುತ್ತವೆ, ಆದರೆ ಬೋಲ್ಟಿನ ರಂಧ್ರಗಳಲ್ಲಿ ಕಾಲಕ್ರಮೇಣ ಸಡಿಲಿಕೆ ಬರುತ್ತದೆ. ನಾನು 2 ಇಂಚು ಅಗಲ, 3 ಇಂಚು ಎತ್ತರ, ಸುಮಾರು 3 ಮಿಲಿಮೀಟರ್ ದಪ್ಪದ ಆಯತಾಕಾರದ ಕೊಳವೆಯನ್ನು ಆರಿಸಿಕೊಂಡೆ. ನಾಲ್ಕೂ ಬದಿ ಮುಚ್ಚಿದ ಕೊಳವೆ ಅದೇ ತೂಕದ ತೆರೆದ ಚಾನಲ್‌ಗಿಂತ ಎಷ್ಟೋ ಪಟ್ಟು ಚೆನ್ನಾಗಿ ತಿರುಚುವಿಕೆಯನ್ನು ತಡೆಯುತ್ತದೆ. ಹಿಂದಿನ ಸೀಟಿನವರು ಕಾಲಿಡುವ ಜಾಗದಲ್ಲಿ ನೆಲವನ್ನು ಉದ್ದಕ್ಕೆ ಸೀಳಿ ಕೊಳವೆಯನ್ನು ಒಳಕ್ಕೆ ಏರಿಸಿದ್ದರಿಂದ, ಅದು ಎರಡು ತುದಿಗಳಲ್ಲಿ ಮಾತ್ರವಲ್ಲದೆ ಉದ್ದಕ್ಕೂ ನೆಲದ ತಗಡಿಗೆ ಕೂಡಿಕೊಂಡಿತು.

ವೆಲ್ಡಿಂಗ್ ಮಾಡುವಾಗ ಕಾರಿನ ಭಾರ ಚಕ್ರಗಳ ಮೇಲೆ ಇದ್ದಂತೆಯೇ ಇರಬೇಕು. ಆದ್ದರಿಂದ ಆಕ್ಸಲಿನ ಕೆಳಗೂ ಮುಂದಿನ ಚಕ್ರಗಳನ್ನು ಹಿಡಿದಿರುವ ಕಂಟ್ರೋಲ್ ಆರ್ಮ್‌ಗಳ ಕೆಳಗೂ ಸ್ಟ್ಯಾಂಡ್ ಕೊಟ್ಟು, ಹೊಸ ಎಂಜಿನ್ ಮತ್ತು ಗೇರ್‌ಬಾಕ್ಸನ್ನು ಅವುಗಳ ಜಾಗದಲ್ಲಿ ಇಟ್ಟು, ಬಾಗಿಲುಗಳನ್ನು ಮುಚ್ಚಿ, ಸಂದಿಗಳನ್ನು ಮತ್ತೊಮ್ಮೆ ಅಳೆದೆ. ಬಾಡಿಯ ಮಧ್ಯಭಾಗಕ್ಕೆ ಜ್ಯಾಕ್ ಕೊಟ್ಟು ಬೆಸೆದರೆ ಬಾಗಿದ ಆಕಾರವೇ ಶಾಶ್ವತವಾಗಿ ಉಳಿದುಬಿಡುತ್ತದೆ. ಪೆಟ್ರೋಲ್ ಟ್ಯಾಂಕ್ ಕಳಚಿ ಹೊರಗಿಟ್ಟೆ, ಕಾರ್ಪೆಟ್ಟನ್ನೂ ಅದರಡಿಯ ಟಾರಿನ ಹಾಳೆಯನ್ನೂ ಪೂರ್ತಿ ಕೆರೆದು ತೆಗೆದೆ, ಏಕೆಂದರೆ ಆ ಟಾರು ಕಿಡಿ ತಗುಲಿದರೆ ಹೊತ್ತಿಕೊಳ್ಳುತ್ತದೆ. ಮೊದಲು ಟ್ಯಾಕ್ (ಅಲ್ಲಲ್ಲಿ ಹಾಕುವ ಚುಕ್ಕೆ ಬೆಸುಗೆ), ನಂತರ ಒಂದೊಂದು ಇಂಚಿನ ಬೆಸುಗೆ, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಹಿಂದಿನದು ಕೈಯಿಟ್ಟು ನೋಡುವಷ್ಟು ಆರುವವರೆಗೆ ಮುಂದಿನದನ್ನು ಹಾಕಲಿಲ್ಲ. ತೆಳು ತಗಡು ಸೊಟ್ಟಗಾಗದಿರಲು ಈ ತಾಳ್ಮೆಯೊಂದೇ ದಾರಿ.

ಎಂಜಿನ್ ಮೌಂಟುಗಳ ವಿಷಯವನ್ನೂ ಹೇಳಲೇಬೇಕು. ವೇಗ ಹೆಚ್ಚಿಸಿದಾಗ ಎಂಜಿನ್ ಚಾಲಕನ ಬದಿಯಲ್ಲಿ ಮೇಲೇಳಲು ಎಳೆಯುತ್ತದೆ. ಹಳೆಯ ಮಾದರಿಯ ರಬ್ಬರ್ ಮೌಂಟು ಹರಿದು ಎಂಜಿನ್ನೇ ಎದ್ದುಬಿಡುತ್ತಿದ್ದುದರಿಂದ, 1971ರಲ್ಲಿ ಷೆವರ್ಲೆ ಅರವತ್ತು ಲಕ್ಷಕ್ಕೂ ಹೆಚ್ಚು ವಾಹನಗಳನ್ನು ದುರಸ್ತಿಗೆ ಹಿಂದಕ್ಕೆ ಕರೆಯಬೇಕಾಯಿತು. ನಾನು ಹರಿದರೂ ಕಳಚಿಕೊಳ್ಳದಂತೆ ಒಂದರೊಳಗೊಂದು ಕೂರುವ ಮೌಂಟುಗಳನ್ನು ಹಾಕಿದ್ದೇನೆ.

ಕೆಲಸ ಮುಗಿದ ಮೇಲೆ ಅದೇ ಮೂಲೆಗೆ ಜ್ಯಾಕ್ ಕೊಟ್ಟಾಗ ಬಾಗಿಲಿನ ಸಂದಿಯಲ್ಲಿ ಫೀಲರ್ ಗೇಜಿಗೆ ಸಿಗುವಷ್ಟು ಬದಲಾವಣೆ ಇರಲಿಲ್ಲ. ಅಲ್ಯೂಮಿನಿಯಂ ಬುಷ್‌ಗಳಿಂದ ಎಂಜಿನ್ನಿನ ಕಂಪನ ಸ್ಟಿಯರಿಂಗ್‌ನಲ್ಲಿ ತುಸು ಹೆಚ್ಚಾಗಿದೆ, ಅದನ್ನು ನಾನು ಒಪ್ಪಿಕೊಂಡಿದ್ದೇನೆ. ರೋಲ್ ಕೇಜ್ (ಒಳಗೆ ಕೂರಿಸುವ ಉಕ್ಕಿನ ಕೊಳವೆಗಳ ಪಂಜರ) ಹಾಕಿದ್ದರೆ ಕಾರು ಇನ್ನೂ ಬಿಗಿಯಾಗುತ್ತಿತ್ತು. ಆದರೆ ಹೆಲ್ಮೆಟ್ ಇಲ್ಲದೆ ರಸ್ತೆಯಲ್ಲಿ ಓಡಿಸುವ ಕಾರಿನಲ್ಲಿ ತಲೆಯ ಪಕ್ಕ ಉಕ್ಕಿನ ಕೊಳವೆ ಇರುವುದು ಅಪಾಯಕರವಾದ್ದರಿಂದ ಅದನ್ನು ಬಿಟ್ಟೆ. ಈಗ ಪ್ರತಿ ವಸಂತದಲ್ಲಿ ಕಾರು ಹೊರತೆಗೆಯುವ ಮೊದಲು ಕನೆಕ್ಟರ್‌ಗಳ ತುದಿಯ ಬೆಸುಗೆಗಳನ್ನು ಬ್ರಷ್ಷಿನಿಂದ ಉಜ್ಜಿ ಬಿರುಕು ಹುಡುಕುತ್ತೇನೆ, ಬಾಡಿ ಮೌಂಟುಗಳ ಬೋಲ್ಟುಗಳನ್ನು ಟಾರ್ಕ್ ರೆಂಚಿನಿಂದ ಪರೀಕ್ಷಿಸುತ್ತೇನೆ.